7 ಅಂಕಿಯಿಂದ 79ಕ್ಕೆ: ಎಸ್.ಎಫ್. ಎಂಬ ಓಟಗಾರನ ಸ್ಮೃತಿ ಪ್ರಕರಣ

1980ರ ಜೂನ್ ತಿಂಗಳ ‘ಸೈನ್ಸ್’ ಪತ್ರಿಕೆಯಲ್ಲಿ ಎರಡೇ ಪುಟದ ಒಂದು ವರದಿ ಬಂತು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿರುವ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪದವಿ ವಿದ್ಯಾರ್ಥಿಯೊಬ್ಬ ಒಮ್ಮೆ ಮಾತ್ರ ಕೇಳಿದ 79 ಅಂಕಿಗಳನ್ನು ಅದೇ ಕ್ರಮದಲ್ಲಿ, ಒಂದೂ ತಪ್ಪದೆ ಒಪ್ಪಿಸಿದ್ದ. ವರದಿಯಲ್ಲಿ ಅವನ ಗುರುತು ಎಸ್.ಎಫ್. ಎಂದಷ್ಟೇ. 20 ತಿಂಗಳ ಹಿಂದೆ ಶುರುವಾದಾಗ ಅವನ ಮಿತಿ 7 ಅಂಕಿ. ಬುದ್ಧಿಮತ್ತೆಯಾಗಲಿ ನೆನಪಾಗಲಿ ಓರಗೆಯ ವಿದ್ಯಾರ್ಥಿಗಳಿಗಿಂತ ಹೆಚ್ಚೇನೂ ಇರಲಿಲ್ಲ.

ತರಬೇತಿ ಕೊಟ್ಟರೆ ನೆನಪಿನ ಶಕ್ತಿ ಹತ್ತು ಪಟ್ಟು ಹಿಗ್ಗುತ್ತದೆ ಎನ್ನಲು ಈ ಪ್ರಕರಣವನ್ನು ಎತ್ತಿ ತೋರಿಸುವವರು ಬಹಳ ಮಂದಿ. ಮೂಲ ವರದಿಯ ವಾದ ಹೆಚ್ಚುಕಡಿಮೆ ಇದರ ತದ್ವಿರುದ್ಧ. ಎಸ್.ಎಫ್.ನ ಅಲ್ಪಾವಧಿ ಸ್ಮೃತಿ (ಈಗಷ್ಟೇ ಕೇಳಿದ್ದನ್ನು ಸ್ವಲ್ಪ ಹೊತ್ತು ಹಿಡಿದಿಡುವ ನೆನಪು) ಮೊದಲ ದಿನ ಎಷ್ಟಿತ್ತೋ ಕೊನೆಯ ದಿನವೂ ಅಷ್ಟೇ ಇತ್ತು. ಕೆಲಸ ಮಾತ್ರ ಬೇರೆ ಕಡೆಗೆ ವರ್ಗವಾಗಿತ್ತು. ಎಲ್ಲಿಗೆ, ಹೇಗೆ ಎಂಬುದನ್ನು ಸಂಶೋಧಕರು ಪತ್ತೆ ಮಾಡಿದ ಬಗೆಯಲ್ಲೇ ಈ ಪ್ರಕರಣದ ಬೆಲೆ ಇದೆ.

ಪ್ರಯೋಗದ ಏರ್ಪಾಡು

ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಮಂಡಿಸಿದ ಲೆಕ್ಕ ಆಗ ಎಲ್ಲರಿಗೂ ಬಾಯಿಪಾಠ: ಒಮ್ಮೆ ಕೇಳಿ ತಕ್ಷಣ ಒಪ್ಪಿಸಬಲ್ಲದ್ದು ಏಳು, ಎರಡು ಆಚೀಚೆ. ಆದರೆ ಏಳು ಏನು? ಏಳು ಅಂಕಿಯೂ ಆಗಬಹುದು, ಅರ್ಥದ ಏಳು ಕಟ್ಟುಗಳೂ ಆಗಬಹುದು. ಕಾರ್ನೆಗಿ ಮೆಲನ್‌ನಲ್ಲೇ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಚದುರಂಗದ ಆಟಗಾರರ ಮೇಲೆ ಇದನ್ನು ಪರೀಕ್ಷಿಸಿದ್ದರು. ನಿಜವಾದ ಆಟದ ಮಧ್ಯದ ಹಲಗೆಯನ್ನು ಕೆಲವೇ ಸೆಕೆಂಡು ತೋರಿಸಿದರೂ ನುರಿತ ಆಟಗಾರ ಕಾಯಿಗಳನ್ನು ಜೋಡಿಸಬಲ್ಲ. ಅವೇ ಕಾಯಿಗಳನ್ನು ಮನಸ್ಸಿಗೆ ಬಂದಂತೆ ಚೆಲ್ಲಿದರೆ ಆ ಮೇಲುಗೈ ಬಹುಪಾಲು ಹೋಗಿಬಿಡುತ್ತದೆ. ಸ್ವೀಡನ್‌ನಿಂದ ಬಂದ ಆಂಡರ್ಸ್ ಎರಿಕ್ಸನ್ ಚೇಸ್ ಜೊತೆ ಸೇರಿದಾಗ ಪ್ರಶ್ನೆ ಒಂದು ಹೆಜ್ಜೆ ಮುಂದೆ ಹೋಯಿತು. ಆಗಲೇ ನುರಿತವರನ್ನು ಹುಡುಕುವ ಬದಲು ಏನೂ ನುರಿಯದವನೊಬ್ಬನನ್ನು ಕೂರಿಸಿ, ಕೌಶಲ ಮೊಳೆಯುವುದನ್ನು ಮೊದಲ ದಿನದಿಂದ ದಾಖಲಿಸಿದರೆ ಹೇಗೆ?

ಕ್ರಮ ಸರಳ. ಸಂಶೋಧಕರು ಗೊತ್ತುಗುರಿಯಿಲ್ಲದ ಅಂಕಿಗಳನ್ನು ಸೆಕೆಂಡಿಗೆ ಒಂದರಂತೆ ಓದುತ್ತಾರೆ, ಎಸ್.ಎಫ್. ಅವನ್ನು ಅದೇ ಕ್ರಮದಲ್ಲಿ ಒಪ್ಪಿಸುತ್ತಾನೆ. ಪೂರ್ತಿ ಸರಿಯಾದರೆ ಮುಂದಿನ ಸರಣಿಗೆ ಒಂದು ಅಂಕಿ ಸೇರುತ್ತದೆ, ತಪ್ಪಿದರೆ ಒಂದು ಕಳೆಯುತ್ತದೆ. ದಿನಕ್ಕೆ ಸುಮಾರು ಒಂದು ಗಂಟೆ, ವಾರಕ್ಕೆ 3ರಿಂದ 5 ದಿನ, ಒಟ್ಟು 230 ಗಂಟೆಗೂ ಹೆಚ್ಚು.

ಈ ಏರಿಳಿತದ ವಿಧಾನದಲ್ಲಿ ಒಂದು ಗುಣ, ಒಂದು ಕಿರಿಕಿರಿ ಎರಡೂ ಇವೆ. ಸರಣಿಯ ಉದ್ದ ತಾನಾಗಿಯೇ ‘ಅರ್ಧ ಸಲ ಸರಿ, ಅರ್ಧ ಸಲ ತಪ್ಪು’ ಎಂಬ ಮಟ್ಟದಲ್ಲಿ ನಿಲ್ಲುತ್ತದೆ. ಆದ್ದರಿಂದ ಕಷ್ಟ ಯಾವಾಗಲೂ ಅವನ ಅಂಚಿನಲ್ಲೇ ಇರುತ್ತದೆ. ಆದರೆ ಕೂತವನು ತಿಂಗಳುಗಟ್ಟಲೆ ಅರ್ಧಕ್ಕರ್ಧ ಸೋಲುತ್ತಲೇ ಇರಬೇಕು. ಸ್ಪರ್ಧೆಯ ಓಟಗಾರನಿಗೆ ಅದು ಒಗ್ಗಿತು, ಎಲ್ಲರಿಗೂ ಒಗ್ಗುವುದಿಲ್ಲ. ಜೊತೆಗೆ, ಸರಣಿ ಬೆಳೆದಂತೆ ಗಂಟೆಯಲ್ಲಿ ಮುಗಿಯುವ ಸುತ್ತುಗಳು ಕಡಿಮೆಯಾಗುತ್ತವೆ. 80 ಅಂಕಿ ಓದುವುದಕ್ಕೇ 80 ಸೆಕೆಂಡು ಬೇಕು, ಒಪ್ಪಿಸಲು ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು. ಕಲಿಕೆಯ ರೇಖೆಯನ್ನು ದಿನಗಳ ಮೇಲೆ ಎಳೆಯಬೇಕೋ ಸುತ್ತುಗಳ ಮೇಲೆ ಎಳೆಯಬೇಕೋ ಎಂಬುದನ್ನು ಮೊದಲೇ ತೀರ್ಮಾನಿಸದಿದ್ದರೆ ಗ್ರಾಫ್ ದಾರಿ ತಪ್ಪಿಸುತ್ತದೆ.

ಮುಖ್ಯವಾದ ಏರ್ಪಾಡು ಇನ್ನೊಂದಿತ್ತು. ಯಾದೃಚ್ಛಿಕವಾಗಿ ಆರಿಸಿದ ಅರ್ಧದಷ್ಟು ಸುತ್ತುಗಳು ಮುಗಿದ ಕೂಡಲೇ, ಆ ಸುತ್ತಿನಲ್ಲಿ ತಲೆಯಲ್ಲಿ ಏನೇನು ಓಡಿತು ಎಂಬುದನ್ನು ಎಸ್.ಎಫ್. ಹೇಳಬೇಕಿತ್ತು. ಇದೇ ಮೌಖಿಕ ವರದಿ. ಇಂಥ ವರದಿಯನ್ನು ಯಾವಾಗ ನಂಬಬಹುದು ಎಂಬ ಬಗ್ಗೆ ಎರಿಕ್ಸನ್ ಮತ್ತು ಸೈಮನ್ ಅದೇ 1980ರಲ್ಲಿ ದೊಡ್ಡ ಲೇಖನವನ್ನೇ ಬರೆದರು. ಅದರಿಂದ ಬರುವ ಕೆಲಸದ ನಿಯಮಗಳು ಇವು: ಒಪ್ಪಿಸುವಾಗ ಮಧ್ಯೆ ಮಾತಾಡಿಸಬಾರದು. ಮುಗಿದ ತಕ್ಷಣ ಕೇಳಬೇಕು, ವಾರದ ಕೊನೆಯಲ್ಲಿ ಅಲ್ಲ. ‘ಏನು ಬಂತು’ ಎಂದು ಕೇಳಬೇಕೇ ಹೊರತು ‘ಯಾಕೆ ಹಾಗೆ ಮಾಡಿದೆ’ ಎಂದಲ್ಲ. ‘ಯಾಕೆ’ ಎಂದು ಕೇಳಿದ ಕೂಡಲೇ ಮನುಷ್ಯ ನೆನಪು ಬಿಟ್ಟು ಸಮಜಾಯಿಷಿ ಹುಡುಕತೊಡಗುತ್ತಾನೆ. ‘ಗುಂಪು ಮಾಡಿಕೊಂಡೆಯಾ?’ ಎಂದು ಕೇಳಿದರಂತೂ ತಂತ್ರವನ್ನು ನಾವೇ ಹೇಳಿಕೊಟ್ಟಂತೆ.

ವರದಿಯನ್ನು ಎಲ್ಲ ಸುತ್ತುಗಳಲ್ಲೂ ಕೇಳದೆ ಅರ್ಧದಲ್ಲಿ ಮಾತ್ರ ಕೇಳಿದ್ದರಿಂದ ಒಂದು ಲಾಭವಿದೆ. ಕೇಳಿದ ಸುತ್ತು, ಕೇಳದ ಸುತ್ತುಗಳನ್ನು ಎದುರುಬದುರು ಇಟ್ಟರೆ, ಹೇಳಿಸುವುದೇ ಫಲಿತಾಂಶವನ್ನು ಬದಲಿಸುತ್ತಿದೆಯೇ ಎಂಬುದು ತಿಳಿಯುತ್ತದೆ.

ಇದನ್ನು ನಮ್ಮ ಕಾಲೇಜು ಪ್ರಯೋಗಾಲಯಗಳಲ್ಲಿ ಮಾಡಹೊರಟರೆ ಕೆಡುವುದು ಹೆಚ್ಚಾಗಿ ಓದುವವರ ದನಿಯಲ್ಲಿ. ಮೂರು ಅಂಕಿಗೊಮ್ಮೆ ದನಿ ಸ್ವಲ್ಪ ಇಳಿದರೂ ಸಾಕು, ಕೇಳುವವನಿಗೆ ಗುಂಪು ಪುಕ್ಕಟೆಯಾಗಿ ಸಿಕ್ಕಿಬಿಡುತ್ತದೆ. ಒಂದೊಂದು ಅಂಕಿಯನ್ನೂ ಪ್ರತ್ಯೇಕವಾಗಿ ಧ್ವನಿಮುದ್ರಿಸಿ, ಕಂಪ್ಯೂಟರ್‌ನಿಂದ ಸಮ ಅಂತರದಲ್ಲಿ ನುಡಿಸುವುದು ಕ್ಷೇಮ. ಎರಡನೆಯದು ಭಾಷೆ. ಅಂಕಿಯ ಹೆಸರು ಉದ್ದವಾದಷ್ಟೂ ಮನಸ್ಸಿನೊಳಗೆ ಉರು ಹೊಡೆಯಲು ಹೆಚ್ಚು ಹೊತ್ತು ಹಿಡಿಯುತ್ತದೆ, ವ್ಯಾಪ್ತಿ, ಅಂದರೆ ಒಮ್ಮೆ ಕೇಳಿ ಒಪ್ಪಿಸಬಲ್ಲ ಅಂಕಿಗಳ ಸಂಖ್ಯೆ, ಅಷ್ಟೇ ಕುಗ್ಗುತ್ತದೆ. ವೆಲ್ಷ್ ಭಾಷಿಕರಲ್ಲಿ ಎಲ್ಲಿಸ್ ಮತ್ತು ಹೆನ್ನೆಲಿ 1980ರಲ್ಲೇ ಇದನ್ನು ತೋರಿಸಿದ್ದಾರೆ. ಕನ್ನಡದ ಅಂಕಿಗಳಲ್ಲಿ ಒಂದೂ ಒಂದೇ ಉಚ್ಚಾರಾಂಶದ್ದಲ್ಲ, ‘ಎರಡು’, ‘ಒಂಬತ್ತು’ ಮೂರು ಮೂರು. ಮೇಲಾಗಿ, ಕನ್ನಡದಲ್ಲೇ ಮಾತಾಡುತ್ತ ಫೋನ್ ನಂಬರನ್ನು ಮಾತ್ರ ‘ನೈನ್ ಏಟ್ ಫೋರ್’ ಎನ್ನುವವರೇ ನಮ್ಮಲ್ಲಿ ಹೆಚ್ಚು. ಓದುವುದು ಯಾವ ಭಾಷೆಯಲ್ಲಿ, ಒಳಗೆ ಉರು ಹೊಡೆಯುವುದು ಯಾವ ಭಾಷೆಯಲ್ಲಿ ಎಂಬುದನ್ನು ಬರೆದಿಡದಿದ್ದರೆ ಇಬ್ಬರ ಅಂಕಗಳನ್ನು ಹೋಲಿಸುವಂತೆಯೇ ಇಲ್ಲ.

ಓಟದ ಸಮಯ ಒಳಗೆ ಬಂದದ್ದು

ಮೊದಮೊದಲು ಎಸ್.ಎಫ್. ಎಲ್ಲರಂತೆ ಉರು ಹೊಡೆದ. ಎಲ್ಲರಂತೆ ಏಳರ ಆಸುಪಾಸಿನಲ್ಲಿ ನಿಂತ. ಆಮೇಲೆ ಮೌಖಿಕ ವರದಿಗಳಲ್ಲಿ ಹೊಸದೊಂದು ಕಾಣಿಸಿತು. ಅವನು ದೂರದ ಓಟದ ಸ್ಪರ್ಧಿ, ಅವನ ತಲೆಯ ತುಂಬ ಓಟದ ಸಮಯಗಳಿದ್ದವು. 3, 4, 9, 2 ಎಂಬ ನಾಲ್ಕು ಅಂಕಿ ಕೇಳಿದರೆ ಅವನಿಗೆ ‘3 ನಿಮಿಷ 49.2 ಸೆಕೆಂಡು, ಒಂದು ಮೈಲಿಯ ವಿಶ್ವದಾಖಲೆಯ ಹತ್ತಿರದ ಓಟ’ ಎಂದು ಹೊಳೆಯುತ್ತಿತ್ತು. ಅದೇನೂ ಬಾಯಿಗೆ ಬಂದ ಮಾತಲ್ಲ. 1975ರಲ್ಲಿ ಜಾನ್ ವಾಕರ್ ಮಾಡಿದ ಮೈಲಿ ದಾಖಲೆ 3:49.4, 1979ರಲ್ಲಿ ಸೆಬಾಸ್ಟಿಯನ್ ಕೋ ಅದನ್ನು 3:48.95ಕ್ಕೆ ಇಳಿಸಿದ. 3492 ಆ ಎರಡರ ನಡುವೆ ಕರಾರುವಾಕ್ಕಾಗಿ ಕೂರುತ್ತದೆ. ಅಂದರೆ ನಾಲ್ಕು ಬಿಡಿ ಅಂಕಿ ಹೋಗಿ, ಅವನು ಆಗಲೇ ಬಲ್ಲ ಲೋಕದಲ್ಲಿ ಒಂದು ಜಾಗ ಸಿಕ್ಕಿತು.

ಅರ್ಧ ಮೈಲಿಯಿಂದ ಮ್ಯಾರಥಾನ್‌ವರೆಗೆ ದೂರದ ಪ್ರಕಾರ ಅವನಲ್ಲಿ ಹಲವು ವರ್ಗಗಳಿದ್ದವು, ಪ್ರತಿ ವರ್ಗದೊಳಗೂ ಒಳ್ಳೆಯ ಓಟ, ಸಾಧಾರಣ ಓಟ ಎಂಬಂಥ ಉಪವರ್ಗಗಳು. ಈ ಸೂಕ್ಷ್ಮ ವಿಂಗಡಣೆ ಇಲ್ಲದಿದ್ದರೆ ತಂತ್ರ ಬೇಗ ಸೋಲುತ್ತಿತ್ತು. ಒಂದೇ ಸರಣಿಯಲ್ಲಿ ಮೂರು ಗುಂಪು ‘ಯಾವುದೋ ಮೈಲಿ ಸಮಯ’ ಎಂದಷ್ಟೇ ದಾಖಲಾದರೆ, ಒಪ್ಪಿಸುವಾಗ ಒಂದನ್ನೊಂದು ತಿಂದುಹಾಕುತ್ತವೆ.

ಆದರೆ ಎಲ್ಲ ಅಂಕಿಗಳೂ ಸಮಯವಾಗುವುದಿಲ್ಲ. 893 ತೆಗೆದುಕೊಳ್ಳಿ. 8 ನಿಮಿಷ 93 ಸೆಕೆಂಡು ಎಂಬುದೇ ಇಲ್ಲ, ಸೆಕೆಂಡು 59ಕ್ಕೆ ಮುಗಿಯಿತು. ಎಸ್.ಎಫ್. ಅದನ್ನು ‘89.3 ವರ್ಷದ ಹಣ್ಣು ಮುದುಕ’ ಮಾಡಿಕೊಂಡ. ಮೊದಲ ನಾಲ್ಕು ತಿಂಗಳಲ್ಲಿ ಓಟದ ಸಮಯಗಳಿಗೆ ವಯಸ್ಸು, ಇಸವಿಗಳೂ ಸೇರಿ ವ್ಯವಸ್ಥೆ ಒಂದು ರೂಪಕ್ಕೆ ಬಂತು. 1944 ಬಂದರೆ ಎರಡನೇ ಮಹಾಯುದ್ಧದ ಕೊನೆಗಾಲ. ವರದಿಯ ಪ್ರಕಾರ ಗುಂಪುಗಳಲ್ಲಿ 62% ಓಟದ ಸಮಯ, 25% ವಯಸ್ಸು, ಉಳಿದವು ಇಸವಿ ಮತ್ತು ಅಂಕಿಗಳ ವಿನ್ಯಾಸ. ಮೂರಂಕಿಯ ಗುಂಪಿನ ಎರಡನೇ ಅಂಕಿ 0ರಿಂದ 5ರೊಳಗೆ ಬಿದ್ದರೆ ಮಾತ್ರ ನಿಮಿಷ-ಸೆಕೆಂಡಿನ ಓದು ಸಾಧ್ಯ. ಗೊತ್ತುಗುರಿಯಿಲ್ಲದ ಅಂಕಿಗಳಲ್ಲಿ ಹಾಗಾಗುವುದು 100ಕ್ಕೆ 60 ಸಲ.

ನಮ್ಮಲ್ಲಿ ಇಂಥ ಪ್ರಯೋಗಕ್ಕೆ ಯಾರನ್ನು ಕೂರಿಸಬೇಕು ಎಂಬುದಕ್ಕೆ ಇದರಲ್ಲೇ ಉತ್ತರವಿದೆ. ಅಂಕಿಗಳ ಒಂದು ಲೋಕ ಅವರಿಗೆ ಕರತಲಾಮಲಕವಾಗಿರಬೇಕು, ಆ ಲೋಕ ಮೂರು-ನಾಲ್ಕು ಅಂಕಿಯ ಸಂಖ್ಯೆಗಳಲ್ಲಿ ಹೆಚ್ಚಿನವನ್ನು ನುಂಗಬೇಕು, ನುಂಗಿದವು ಒಂದರಂತೆ ಒಂದು ಇರಬಾರದು. ಪಿನ್‌ಕೋಡ್ ಬಲ್ಲ ಅಂಚೆ ನೌಕರ ಒಳ್ಳೆಯ ಆಯ್ಕೆ ಎನಿಸಬಹುದು. ಆದರೆ ಕರ್ನಾಟಕದ ಪಿನ್‌ಕೋಡ್‌ಗಳೆಲ್ಲ 56ರಿಂದ 59ರೊಳಗೆ ಶುರುವಾಗುತ್ತವೆ, ಉಳಿದ ಅಂಕಿಗಳಿಗೆ ಕೊಂಡಿಯೇ ಸಿಗುವುದಿಲ್ಲ. ಕ್ರಿಕೆಟ್ ಸ್ಕೋರು ಬಲ್ಲವನಿಗೆ 2876 ಎಂದರೆ 6 ವಿಕೆಟ್‌ಗೆ 287. ಆದರೆ 8316? ಅದಕ್ಕೆ ಇನ್ನೊಂದು ವ್ಯವಸ್ಥೆಯ ಊರುಗೋಲು ಬೇಕು, ಎಸ್.ಎಫ್.ಗೆ ವಯಸ್ಸು ಬೇಕಾದಂತೆ.

80 ಅಂಕಿಯ ನಕ್ಷೆ

ಕೊಂಡಿ ಹಾಕಿದ್ದಷ್ಟರಿಂದ ಕೆಲಸ ಮುಗಿಯಲಿಲ್ಲ. ನಾಲ್ಕು ಅಂಕಿಯ ಮೂರು ಗುಂಪು, ಕೊನೆಯಲ್ಲಿ ಬರೀ ಉರು ಹೊಡೆದು ಹಿಡಿದುಕೊಂಡ 6 ಅಂಕಿ: ಒಟ್ಟು 18. ಅಲ್ಲಿ ಅವನು ಸಿಕ್ಕಿಕೊಂಡ. ಗುಂಪುಗಳು ನೆನಪಿರುತ್ತವೆ, ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಕಲಸಿಹೋಗುತ್ತದೆ. ನಾಲ್ಕಕ್ಕಿಂತ ಹೆಚ್ಚು ಗುಂಪುಗಳ ಕ್ರಮವನ್ನು ಹಿಡಿಯುವುದೇ ಹೊಸ ಗೋಡೆ.

ದಾಟಿದ್ದು ಗುಂಪುಗಳನ್ನೇ ಗುಂಪು ಮಾಡಿ. ನಾಲ್ಕಂಕಿಯ ಕೆಲವು ಗುಂಪು ಸೇರಿ ಒಂದು ಮೇಲ್ಗುಂಪು, ಮೂರಂಕಿಯ ಕೆಲವು ಗುಂಪು ಸೇರಿ ಇನ್ನೊಂದು. ಅದೂ ತುಂಬಿದಾಗ ಮೇಲ್ಗುಂಪುಗಳ ಮೇಲೆ ಮತ್ತೊಂದು ಅಂತಸ್ತು. 80 ಅಂಕಿಗೆ ಅವನ ನಕ್ಷೆ ಹೀಗಿತ್ತು:

444 – 444 – 333 – 333 – 444 – 333 – 444 – 5

ಇಲ್ಲಿ ‘444’ ಎಂದರೆ ನಾಲ್ಕಂಕಿಯ ಮೂರು ಗುಂಪು. ಕೂಡಿ ನೋಡಿ: 12, 12, 9, 9, 12, 9, 12, ಕೊನೆಗೆ 5. ಒಟ್ಟು 80. ಓದುವುದು ಶುರುವಾಗುವ ಮೊದಲೇ ಈ ಖಾಲಿ ಚೌಕಟ್ಟನ್ನು ಅವನು ತೀರ್ಮಾನಿಸಿಕೊಂಡಿರುತ್ತಿದ್ದ. ಬರುವ ಅಂಕಿಗಳು ಅದರೊಳಗೆ ಹೋಗಿ ಕೂರಬೇಕು. ಅದಕ್ಕೇ ಸರಣಿಯ ಉದ್ದವನ್ನು ಮೊದಲೇ ಹೇಳುವುದೋ ಬಿಡುವುದೋ ಎಂಬುದು ಇಂಥ ಪ್ರಯೋಗದಲ್ಲಿ ಸಣ್ಣ ಸಂಗತಿಯಲ್ಲ. ಗೊತ್ತಿಲ್ಲದಿದ್ದರೆ ಚೌಕಟ್ಟು ಕಟ್ಟುವಂತೆಯೇ ಇಲ್ಲ.

ಈಗ ನಕ್ಷೆಯನ್ನು ಇನ್ನೊಮ್ಮೆ ನೋಡಿ. ಒಂದು ಗುಂಪಿನಲ್ಲಿ 3 ಅಥವಾ 4 ಅಂಕಿ, ಒಂದು ಮೇಲ್ಗುಂಪಿನಲ್ಲಿ 3 ಅಥವಾ 4 ಗುಂಪು, ಬಾಲದ ಉರುವಿನ ತುಂಡು ಎಂದೂ 6 ದಾಟಿಲ್ಲ. 230 ಗಂಟೆ ಕಳೆದರೂ ಈ ಸಂಖ್ಯೆಗಳು ಬೆಳೆಯಲಿಲ್ಲ. ಅಲ್ಪಾವಧಿ ಸ್ಮೃತಿ ಹಿಗ್ಗಿದ್ದಿದ್ದರೆ ಮೊದಲು ಬೆಳೆಯಬೇಕಾದದ್ದು ಇವೇ.

ವರದಿಯನ್ನು ಯಾಕೆ ನಂಬಬೇಕು

ಕೂತವನು ‘ನಾನು ಹೀಗೆ ಮಾಡಿದೆ’ ಎಂದಾಕ್ಷಣ ಅದು ಸಾಕ್ಷ್ಯವಾಗುವುದಿಲ್ಲ. ಎರಿಕ್ಸನ್ ಮತ್ತು ಚೇಸ್ ಅವನ ಮಾತನ್ನು ಊಹೆಯಾಗಿ ಮಾತ್ರ ತೆಗೆದುಕೊಂಡು, ಅದು ಸುಳ್ಳಾಗಬಲ್ಲ ಪ್ರಯೋಗಗಳನ್ನು ಕಟ್ಟಿದರು. ಎಷ್ಟೋ ಪಠ್ಯಪುಸ್ತಕಗಳು 79ರ ದಾಖಲೆ ಹೇಳಿ ಈ ಭಾಗವನ್ನು ಹಾರಿಸಿಬಿಡುತ್ತವೆ.

ಓಟದ ಸಮಯವೇ ಆಧಾರವಾದರೆ, ಸಮಯವಾಗಲಾರದ ಗುಂಪುಗಳನ್ನೇ ಹೊಸೆದು ಓದಿದರೆ ಅವನು ಬೀಳಬೇಕು. ಬಿದ್ದ, ಹೆಚ್ಚುಕಡಿಮೆ ಶುರುವಿನ ಮಟ್ಟಕ್ಕೆ. ಎಲ್ಲ ಗುಂಪುಗಳೂ ಸಮಯವಾಗುವಂತೆ ಹೊಸೆದರೆ ಏರಬೇಕು. 22% ಏರಿದ. ಸಾಮರ್ಥ್ಯವೇ ಹೆಚ್ಚಿದ್ದರೆ ಅಕ್ಷರಗಳಿಗೂ ಅದು ಒದಗಬೇಕಿತ್ತು. ಮೂರು ತಿಂಗಳ ಅಭ್ಯಾಸದ ನಂತರ ಅಂಕಿ ಬಿಟ್ಟು ಇಂಗ್ಲಿಷ್ ವ್ಯಂಜನಗಳನ್ನು ಓದಿದಾಗ ಅವನ ವ್ಯಾಪ್ತಿ ಸುಮಾರು 6ಕ್ಕೆ ಜಾರಿತು. ಅಲ್ಪಾವಧಿ ಸ್ಮೃತಿ ಹಿಗ್ಗಿತು ಎಂಬ ವಾದಕ್ಕೆ ಇದಕ್ಕಿಂತ ನೇರವಾದ ಪೆಟ್ಟು ಇನ್ನೊಂದಿಲ್ಲ.

ಅಂಕಿ ಕೇಳಿದ ಮೇಲೆ, ಒಪ್ಪಿಸುವ ಮುನ್ನ, ಬಾಯಿಗೆ ಬೇರೆ ಕೆಲಸ ಕೊಟ್ಟು ಅಕ್ಷರಮಾಲೆಯನ್ನು ಬೇಗಬೇಗ ಹೇಳಿಸಿದರು. ಸಾಮಾನ್ಯರಲ್ಲಿ ಇದು ಬಹುಪಾಲನ್ನು ಅಳಿಸಿಹಾಕುತ್ತದೆ. ಅವನು ಕಳೆದುಕೊಂಡದ್ದು ಕೊನೆಯ ಉರುವಿನ ತುಂಡನ್ನು ಮಾತ್ರ. ಉಳಿದದ್ದು ಆಗಲೇ ದೀರ್ಘಾವಧಿ ಸ್ಮೃತಿಗೆ ಸೇರಿತ್ತು. ಸೇರಿದ್ದರೆ ಗಂಟೆ ಕಳೆದ ಮೇಲೂ ಸಿಗಬೇಕಲ್ಲ? ಆರಂಭದ ದಿನಗಳಲ್ಲಿ ಸೆಷನ್ ಮುಗಿದ ಮೇಲೆ ಅಂದು ಕೇಳಿದ ಅಂಕಿಗಳನ್ನು ಹೇಳು ಎಂದರೆ ಏನೂ ಬರುತ್ತಿರಲಿಲ್ಲ. 20 ತಿಂಗಳ ನಂತರ 80%ಕ್ಕೂ ಹೆಚ್ಚು ಬರುತ್ತಿತ್ತು.

ನನಗೆ ಹೆಚ್ಚು ಹಿಡಿಸುವುದು ಗಡಿಯಾರದ ಸಾಕ್ಷ್ಯ, ಯಾಕೆಂದರೆ ಅದನ್ನು ಬೇಕೆಂದು ನಟಿಸುವುದು ಕಷ್ಟ. ಒಪ್ಪಿಸುವಾಗ ಗುಂಪಿನೊಳಗಿನ ಅಂಕಿಗಳು ಸೆಕೆಂಡಿಗೆ ಸುಮಾರು ಮೂರರಂತೆ ಉದುರುತ್ತವೆ. ಗುಂಪು ಮುಗಿದಲ್ಲಿ ಸರಾಸರಿ 2 ಸೆಕೆಂಡು ಮೌನ. ಮೇಲ್ಗುಂಪು ಮುಗಿದಲ್ಲಿ ದನಿ ಇಳಿಯುತ್ತದೆ, ಮೌನ ಇನ್ನೂ ಉದ್ದವಾಗುತ್ತದೆ. ಅವನು ಬಾಯಲ್ಲಿ ಹೇಳಿದ ನಕ್ಷೆ ಟೇಪಿನ ಮೌನಗಳಲ್ಲಿ ಹಾಗೇ ಅಚ್ಚಾಗಿತ್ತು. ಉತ್ತರವನ್ನು ಕಾಗದದ ಮೇಲೆ ಬರೆಸಿಕೊಂಡು ಸರಿ-ತಪ್ಪು ಗುರುತು ಹಾಕುವ ಪ್ರಯೋಗಾಲಯಗಳು ಕಳೆದುಕೊಳ್ಳುವುದು ಇದನ್ನೇ. ಧ್ವನಿಮುದ್ರಣ ಇಟ್ಟುಕೊಂಡರೆ ಮಾತ್ರ ಈ ಲೆಕ್ಕ ಸಿಗುತ್ತದೆ.

ಒಬ್ಬನ ಮೇಲೆ ನಡೆದದ್ದು ಇನ್ನೊಬ್ಬನಿಗೆ ಅನ್ವಯವಾದೀತೇ ಎಂಬ ಆಕ್ಷೇಪಕ್ಕೂ ಸ್ವಲ್ಪ ಉತ್ತರ ಸಿಕ್ಕಿತು. ಡಿ.ಡಿ. ಎಂಬ ಇನ್ನೊಬ್ಬ ಓಟಗಾರನಿಗೆ ಎಸ್.ಎಫ್.ನ ವಿಧಾನವನ್ನೇ ಹೇಳಿಕೊಡಲಾಯಿತು. ಎಸ್.ಎಫ್. 82ರವರೆಗೆ ಹೋದರೆ ಡಿ.ಡಿ. ವರ್ಷಗಳ ಅಭ್ಯಾಸದಲ್ಲಿ ನೂರನ್ನೂ ದಾಟಿದ. ಆದರೆ ಅವನೂ ಓಟಗಾರನೇ, ಅವನೂ ಬಿಡದೆ ಕೂತವನೇ. ಎರಡೂ ಅಲ್ಲದವರ ಬಗ್ಗೆ ಈ ಇಬ್ಬರಿಂದ ಏನೂ ಹೇಳಲಾಗದು.

ಮಂಗಳೂರಿನಿಂದ ಬಂದ ಸವಾಲು

‘ಸೈನ್ಸ್’ ವರದಿ ಬಂದ ಮರುವರ್ಷ, 1981ರ ಜುಲೈ 5ರಂದು, ಮಂಗಳೂರಿನಲ್ಲಿ ರಾಜನ್ ಮಹದೇವನ್ ಪೈ ಸಂಖ್ಯೆಯ 31,811 ಅಂಕಿಗಳನ್ನು ನೆನಪಿನಿಂದ ಹೇಳಿ ಗಿನ್ನೆಸ್ ಪುಸ್ತಕ ಸೇರಿದರು. ವಿರಾಮವೂ ಸೇರಿ ಹಿಡಿದದ್ದು 3 ಗಂಟೆ 49 ನಿಮಿಷ. (ಎಸ್.ಎಫ್. ಕೇಳಿದ್ದರೆ 349 ಅವನಿಗೆ ಮೈಲಿ ಸಮಯ!) ಮುಂದೆ ಅವರು ಕಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಓದುವಾಗ ಚಾರ್ಲ್ಸ್ ಥಾಂಪ್ಸನ್, ಥ್ಯಾಡಿಯಸ್ ಕೋವನ್ ಮತ್ತು ಜೆರೋಮ್ ಫ್ರೀಮನ್ ಎಂಬ ಸಂಶೋಧಕರು ರಾಜನ್ ಅವರ ನೆನಪನ್ನು ವರ್ಷಗಟ್ಟಲೆ ಪರೀಕ್ಷಿಸಿ 1993ರಲ್ಲಿ ಪುಸ್ತಕ ಪ್ರಕಟಿಸಿದರು. ಅವರ ತೀರ್ಮಾನ ಎಸ್.ಎಫ್. ಪ್ರಕರಣಕ್ಕೆ ನೇರ ಸವಾಲಾಗಿತ್ತು: ಅಂಕಿ ಮತ್ತು ಅಕ್ಷರಗಳಿಗೆ ರಾಜನ್ ಅವರಲ್ಲಿ ಹುಟ್ಟಿನಿಂದಲೇ ದೊಡ್ಡದಾದ ಮೂಲ ಸಾಮರ್ಥ್ಯವಿದೆ, ಅದು ಕಲಿತ ಕೌಶಲ ಮಾತ್ರವಲ್ಲ.

ಈ ತೀರ್ಮಾನವನ್ನು ಅನುಮಾನಿಸಲು ಕಾರಣ ಆಗಲೇ ಇತ್ತು. ವಸ್ತುಗಳು ಎಲ್ಲಿವೆ, ಯಾವ ಕಡೆಗೆ ಮುಖ ಮಾಡಿವೆ ಎಂಬುದನ್ನು ನೆನಪಿಡುವ ಪರೀಕ್ಷೆಯಲ್ಲಿ ರಾಜನ್ ಅಸಾಧಾರಣರಲ್ಲ ಎಂದು 1992ರಲ್ಲಿ ಇರ್ವಿಂಗ್ ಬೀಡರ್‌ಮನ್ ತಂಡ ತೋರಿಸಿತ್ತು. ಆದರೆ ‘ಅಂಕಿಗಳಿಗೆ ಮಾತ್ರ ಹುಟ್ಟುಗುಣ’ ಎಂಬ ವಾದ ಅದರಿಂದ ಬೀಳುವುದಿಲ್ಲ. ಫ್ಲೋರಿಡಾ ರಾಜ್ಯ ವಿಶ್ವವಿದ್ಯಾಲಯಕ್ಕೆ ಹೋಗಿದ್ದ ಎರಿಕ್ಸನ್ ರಾಜನ್ ಅವರನ್ನು ಮತ್ತೆ ಪರೀಕ್ಷೆಗೆ ಕೂರಿಸಿದರು, 2004ರಲ್ಲಿ ಫಲಿತಾಂಶ ಪ್ರಕಟವಾಯಿತು. ಥಾಂಪ್ಸನ್ ತಂಡ ಕಂಡದ್ದೆಲ್ಲ ಅವರಿಗೂ ಕಂಡಿತು, ಮಾಹಿತಿಯಲ್ಲಿ ಜಗಳವಿರಲಿಲ್ಲ. ಬೇರೆಯಾದದ್ದು ಆಮೇಲೆ ಸೇರಿಸಿದ ಪ್ರಯೋಗಗಳು ಮತ್ತು ಮೌಖಿಕ ವರದಿಗಳು. ಪೈ ಬಾಯಿಪಾಠ ಮಾಡಲು ರಾಜನ್ ಹತ್ತಿರ ಹತ್ತಿರ 1000 ಗಂಟೆ ಕಳೆದಿದ್ದರು, ಅಂಕಿಗಳನ್ನು ಕಟ್ಟಿ ಇಡುವ ತಂತ್ರಗಳು ಅಲ್ಲಿ ಬೆಳೆದವು ಎಂಬುದು ಎರಿಕ್ಸನ್ ತಂಡದ ವಾದ. ಲೇಖನದ ಲೇಖಕರಲ್ಲಿ ರಾಜನ್ ಕೂಡ ಒಬ್ಬರು. 1980ರ ವರದಿಯಲ್ಲಿ ಎಸ್.ಎಫ್. ಸಹ ಲೇಖಕನಾಗಿದ್ದ ಹಾಗೆಯೇ.

ಇಲ್ಲಿ ಒಂದು ತೊಡಕಿತ್ತು. ಎಸ್.ಎಫ್.ಗೆ ಮೊದಲ ದಿನದ ದಾಖಲೆ ಇದೆ: 7 ಅಂಕಿ. ರಾಜನ್ ಪ್ರಯೋಗಾಲಯಕ್ಕೆ ಕಾಲಿಡುವ ಹೊತ್ತಿಗೆ ಸಾವಿರಾರು ಅಂಕಿ ನುಂಗಿದ್ದವರು. ಅದಕ್ಕೂ ಮೊದಲು ಅವರ ವ್ಯಾಪ್ತಿ ಎಷ್ಟಿತ್ತು ಎಂದು ಈಗ ಅಳೆಯುವುದು ಹೇಗೆ? ಸಂಶೋಧಕರು ಅಂಕಿಗಳ ಬದಲು ಹತ್ತು ಚಿಹ್ನೆಗಳನ್ನು ಕೊಟ್ಟರು: ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ, ಹ್ಯಾಷ್ ಹೀಗೆ ಕೀಲಿಮಣೆಯಲ್ಲಿ ಸಿಗುವಂಥವು. ಅಂಕಿಗಳೂ ಹತ್ತು, ಇವೂ ಹತ್ತು. ಇವುಗಳ ಜೊತೆ ಮಾತ್ರ ಅವರಿಗೆ ಹಳೆಯ ಒಡನಾಟವಿಲ್ಲ. ರಾಜನ್ ಅವರ ವ್ಯಾಪ್ತಿ ಸುಮಾರು 6ಕ್ಕೆ ನಿಂತಿತು, ಯಾವುದೇ ಕಾಲೇಜು ವಿದ್ಯಾರ್ಥಿಯಷ್ಟು. ಸ್ವಲ್ಪ ಅಭ್ಯಾಸದ ನಂತರ ಅದು 30ರ ಹತ್ತಿರಕ್ಕೆ ಹಾರಿತು. ವರದಿ ಕೇಳಿದಾಗ ಕಾರಣ ಸಿಕ್ಕಿತು. ಪ್ರತಿ ಚಿಹ್ನೆಗೂ ಅವರು ಒಂದೊಂದು ಅಂಕಿಯನ್ನು ಗೊತ್ತುಮಾಡಿಕೊಂಡು, ಚಿಹ್ನೆಗಳ ಸಾಲನ್ನು ಅಂಕಿಗಳ ಸಾಲಾಗಿ ಓದಿಕೊಳ್ಳುತ್ತಿದ್ದರು.